ಆ ಕೀರಲು ದನಿಯನ್ನು ಅದು ಹೇಗೆ ಕೇಳ್ತೀಯ?

ಮನೆಗೆ ಬಂದವರು, ಕಾರಿನಲ್ಲಿ ಜೊತೆಗೆ ಕೂತವರು, ಆಫೀಸಿನ ಗೆಳತಿಯರು, ಎಲ್ಲರೂ ಒಂದಲ್ಲ ಒಂದು ದಿನ ನನ್ನನ್ನು ಇದನ್ನೇ ಕೇಳಿದ್ದಾರೆ. "ಇಷ್ಟು ಕೀರಲು ದನಿ ಅದು ಹೇಗೆ ಕೇಳ್ತೀಯ ಮಾರಾಯ್ತಿ? ಆಯಮ್ಮ ಯಾಕೆ ಹಾಗೆ ಹಾಡ್ತಾಳೆ?" ಆಯಮ್ಮ ಅಂದರೆ ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್. ಹಾಡು 'ವುದರಿಂಗ್ ಹೈಟ್ಸ್'. ಅದು ಅವರ ಮೊದಲ ಆಲ್ಬಂ 'ದ ಕಿಕ್ ಇನ್‌ಸೈಡ್'ನಲ್ಲಿದೆ. 1978ರ ಫೆಬ್ರವರಿಯಲ್ಲಿ ಆ ಆಲ್ಬಂ ಇಂಗ್ಲೆಂಡಿನಲ್ಲಿ ಬಂದಾಗ ಅವರಿಗೆ 19 ವರ್ಷ.

ನನ್ನ ಉತ್ತರ ಇಷ್ಟೇ. ಅಲ್ಲಿ ಹಾಡುತ್ತಿರುವುದು ಒಂದು ದೆವ್ವ. ಅದಕ್ಕೇ ಆ ದನಿ.

ಎಮಿಲಿ ಬ್ರಾಂಟೆ ಅವರ 1847ರ ಕಾದಂಬರಿಯ ಹೆಸರೇ ಹಾಡಿಗೂ ಇದೆ. ಅದರ ಮೂರನೇ ಅಧ್ಯಾಯದಲ್ಲಿ ಲಾಕ್‌ವುಡ್ ಎಂಬ ಬಾಡಿಗೆದಾರ ಹಿಮ ಬೀಳುವ ರಾತ್ರಿ ಒಂದು ಹಳೆ ಮನೆಯಲ್ಲಿ ಮಲಗಬೇಕಾಗುತ್ತದೆ. ಮರದ ಕೊಂಬೆಯೊಂದು ಕಿಟಕಿಗೆ ಬಡಿಯುತ್ತಾ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸೋಣ ಅಂತ ಗಾಜು ಒಡೆದು ಕೈ ಚಾಚುತ್ತಾನೆ. ಕೈಗೆ ಸಿಗುವುದು ಕೊಂಬೆಯಲ್ಲ, ಮಂಜಿನಂತೆ ತಣ್ಣಗಿರುವ ಇನ್ನೊಂದು ಪುಟ್ಟ ಕೈ. ಸತ್ತು ಎಷ್ಟೋ ವರ್ಷವಾಗಿರುವ ಕ್ಯಾಥಿ, ಒಳಗೆ ಬಿಡು ಅಂತ ಅಳುತ್ತಾಳೆ. ಅವನು ಹೆದರಿ ಆ ಮಣಿಕಟ್ಟನ್ನು ಒಡೆದ ಗಾಜಿಗೆ ಉಜ್ಜುತ್ತಾನೆ, ರಕ್ತ ಹರಿದು ಹಾಸಿಗೆ ನೆನೆಯುವ ತನಕ. ಆಮೇಲೆ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಕಿಟಕಿಯ ತೂತು ಮುಚ್ಚುತ್ತಾನೆ.

ಕಾದಂಬರಿಯಲ್ಲಿ ನಾವು ಕೋಣೆಯ ಒಳಗಿದ್ದೇವೆ, ಹೆದರಿದವನ ಜೊತೆ. ಕೇಟ್ ಬುಷ್ ನಮ್ಮನ್ನು ಕಿಟಕಿಯ ಹೊರಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಹಾಡಿನ ಮಾತೆಲ್ಲ ಕ್ಯಾಥಿಯದೇ. ನಾನು ಬಂದಿದ್ದೀನಿ, ತುಂಬಾ ಚಳಿ, ಕಿಟಕಿ ತೆಗಿ ಅಂತ ತನ್ನ ಪ್ರಿಯಕರ ಹೀತ್‌ಕ್ಲಿಫ್‌ನನ್ನು ಬೇಡಿಕೊಳ್ಳುತ್ತಾಳೆ.

ಇದು ನನ್ನನ್ನು ಯಾಕೆ ಹೀಗೆ ಹಿಡಿದುಕೊಂಡಿತು ಅಂದರೆ, ನಾನು ಚಿಕ್ಕವಳಿದ್ದಾಗ ನಮ್ಮೂರಿನ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿರುತ್ತಿತ್ತು. ರಾತ್ರಿ ದೆವ್ವ ಬರುತ್ತೆ, ಗೊತ್ತಿರುವವರ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದರೆ ಮುಗೀತು ಅನ್ನುತ್ತಿದ್ದರು. ಬರೆದಿದ್ದನ್ನು ಓದಿಕೊಂಡು ಅದು ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಓದುತ್ತೆ. ಯಾರಾದರೂ ಒಂದೇ ಸಲ ಕೂಗಿದರೆ ಓಗೊಡಬೇಡಿ ಅಂತ ಅಜ್ಜಿ ನಮಗೆಲ್ಲ ಹೇಳಿಟ್ಟಿದ್ದರು. ಚಿಲಕ ಹಾಕಿದ್ದೀವಾ ಅಂತ ಎದ್ದು ನೋಡಿ ಮಲಗಿದ ರಾತ್ರಿಗಳಿವೆ. ಹೊರಗೆ ನಿಂತವಳಿಗೆ ಚಳಿ ಆಗುತ್ತಾ ಅಂತ ಮಾತ್ರ ನಾವ್ಯಾರೂ ಯೋಚಿಸಿರಲಿಲ್ಲ. ಈ ಹಾಡು ಕೇಳಿದ ದಿನ ನನಗೆ ಮೊದಲ ಸಲ ಆ ದೆವ್ವದ ಬಗ್ಗೆ ಅಯ್ಯೋ ಪಾಪ ಅನ್ನಿಸಿತು.

ಆ ದನಿ ವೇಷ ಅನ್ನುವುದಕ್ಕೆ ಅದೇ ಆಲ್ಬಂನಲ್ಲಿ ಪುರಾವೆ ಇದೆ. 'ದ ಮ್ಯಾನ್ ವಿತ್ ದ ಚೈಲ್ಡ್ ಇನ್ ಹಿಸ್ ಐಸ್' ಕೇಳಿ. 1975ರಲ್ಲಿ, ಕೇಟ್‌ಗೆ ಇನ್ನೂ 16 ವರ್ಷ ಇದ್ದಾಗ, ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ತಾವೇ ದುಡ್ಡು ಹಾಕಿ ಮಾಡಿಸಿದ ರೆಕಾರ್ಡಿಂಗ್ ಅದು. ದನಿ ಮೆತ್ತಗೆ, ತಗ್ಗಿನಲ್ಲಿದೆ. ಪಕ್ಕದಲ್ಲೇ ಕೂತು ಹೇಳಿದ ಹಾಗಿದೆ. ಅಂದರೆ ಕ್ಯಾಥಿಗೋಸ್ಕರ ಅವರು ಬೇಕಂತಲೇ ಮೇಲೆ ಏರಿದ್ದಾರೆ. ಇನ್ನೊಂದು ಪುರಾವೆಯೂ ಇದೆ. 1986ರಲ್ಲಿ 'ದ ಹೋಲ್ ಸ್ಟೋರಿ' ಎಂಬ ಸಂಕಲನಕ್ಕೆ ಇದೇ ಹಾಡಿಗೆ ಮತ್ತೆ ದನಿ ಕೊಟ್ಟರು. ತುಂಬಿದ, ಪಳಗಿದ ದನಿ. ಚೆನ್ನಾಗಿಯೇ ಇದೆ, ಆದರೆ ಯಾರೋ ದೊಡ್ಡವರು ಆ ಕಥೆ ಹೇಳಿದಂತೆ ಕೇಳುತ್ತದೆ. ಕಿಟಕಿಯಾಚೆಯ ಹುಡುಗಿ ಇಲ್ಲ. ನನಗೆ 1978ರದ್ದೇ ಬೇಕು.

ಹಾಡಿನ ಕಟ್ಟಡದಲ್ಲೂ ದೆವ್ವ ಇದೆ. ಶುರುವಿನಲ್ಲಿ ಪಿಯಾನೋದ ಬಲತುದಿಯ ಸಣ್ಣ ಸ್ವರಗಳು ಟಿಣಿಟಿಣಿ ಅಂತ ಬೀಳುತ್ತವೆ. ಆಮೇಲೆ ಮೇಜಿನ ಮೇಲೆ ಬೆರಳು ತಟ್ಟುತ್ತಾ ತಾಳ ಹಿಡಿಯಿರಿ. ಅವಳು ತನ್ನ ಹೆಸರು ಹೇಳಿಕೊಳ್ಳುವ ಜಾಗ ಬಂದಾಗ ಲೆಕ್ಕ ತಪ್ಪುತ್ತದೆ. ನಾಲ್ಕು ನಾಲ್ಕಾಗಿ ಬರುತ್ತಿದ್ದ ಏಟುಗಳ ನಡುವೆ ಗಿಡ್ಡ ಅಳತೆಗಳು ನುಸುಳುತ್ತವೆ. ಕಾಲ ಕೆಳಗಿನ ನೆಲ ಸ್ವಲ್ಪ ಜರುಗಿದ ಹಾಗೆ. ಇಷ್ಟಾಗಿಯೂ ಅದು ಬಾಯಲ್ಲಿ ಗುನುಗುವ ಪಾಪ್ ಹಾಡು! ಹೀಗೆ ಬರೆಯುವುದು ಸುಮ್ನೆ ಮಾತಲ್ಲ.

ಬರೆದಾಗ ಕೇಟ್‌ಗೆ 18 ವರ್ಷ. 1977ರ ಮಾರ್ಚ್, ಹುಣ್ಣಿಮೆ ರಾತ್ರಿ, ಲಂಡನ್ನಿನ ಮನೆಯಲ್ಲಿ ಪಿಯಾನೋ ಮುಂದೆ ಕೂತು ಕೆಲವೇ ಗಂಟೆಗಳಲ್ಲಿ ಮುಗಿಸಿದರು. ಹಿಂದೊಮ್ಮೆ ಟಿವಿಯಲ್ಲಿ ಆ ಕಥೆಯ ಕೊನೆಯ ಕೆಲವು ನಿಮಿಷ ನೋಡಿದ್ದರು. ಕಿಟಕಿಯ ಕೈ ಮನಸ್ಸಿನಲ್ಲಿ ಉಳಿದಿತ್ತು. ಅವರೂ ಎಮಿಲಿ ಬ್ರಾಂಟೆಯೂ ಹುಟ್ಟಿದ್ದು ಒಂದೇ ತಾರೀಖು, ಜುಲೈ 30. ರೆಕಾರ್ಡ್ ಕಂಪನಿ ಇಎಂಐಗೆ ಮೊದಲ ಸಿಂಗಲ್, ಅಂದರೆ ಬಿಡಿಯಾಗಿ ಮಾರುವ ಹಾಡು, ಆಗಿ ಆಲ್ಬಂನ ರಾಕ್ ಹಾಡೊಂದು ಬೇಕಿತ್ತು. ಇದೇ ಬರಬೇಕು ಅಂತ ಕೇಟ್ ಹಟ ಹಿಡಿದರು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ತಾನೇ ಬರೆದ ಹಾಡಿನಿಂದ ಅಲ್ಲಿಗೆ ಏರಿದ ಮೊದಲ ಹೆಣ್ಣು ಅವರೇ.

ಆಲ್ಬಂನ ಉಳಿದ ಹಾಡುಗಳೂ ಹೀಗೇ ಒಂದಕ್ಕಿಂತ ಒಂದು ವಿಚಿತ್ರ. ಮೊದಲನೇ ಹಾಡು ಶುರುವಾಗುವುದೇ ತಿಮಿಂಗಿಲಗಳ ದನಿಯಿಂದ. ಇನ್ನೊಂದರಲ್ಲಿ 'ಓಂ ಮಣಿ ಪದ್ಮೇ ಹೂಂ' ಬರುತ್ತದೆ. ಗಾಳಿಪಟವಾಗಿಬಿಡುವವಳ ಹಾಡು ಜಮೈಕಾದ ರೆಗ್ಗೇ ಲಯದಲ್ಲಿ ಕುಣಿಯುತ್ತದೆ. ಕೊನೆಯದು ಆಲ್ಬಂಗೆ ಹೆಸರು ಕೊಟ್ಟ ಹಾಡು, ಹಳೆಯ ಜನಪದ ಲಾವಣಿಯೊಂದರಿಂದ ಹುಟ್ಟಿದ್ದು. ಅಣ್ಣನಿಂದ ಬಸಿರಾದ ಹುಡುಗಿ ಸಾಯುವ ಮುಂಚೆ ಅವನಿಗೆ ಹೇಳುವ ಮಾತುಗಳು. ಅಲ್ಲಿ ಕೀರಲಿಲ್ಲ, ಅಬ್ಬರವಿಲ್ಲ. ಪಿಯಾನೋ ಜೊತೆ ಲಾಲಿ ಹಾಡಿದಂತೆ ಹಾಡಿದ್ದಾರೆ. ನನಗೆ ಕ್ಯಾಥಿಗಿಂತ ಇವಳ ಭಯವೇ ಜಾಸ್ತಿ.

ಹಾಗಾಗಿ ನೀವು ಕೇಳುವುದಾದರೆ ಗದ್ದಲದಲ್ಲಿ, ಕಾರಿನ ಸ್ಪೀಕರಿನಲ್ಲಿ ಬೇಡ. ರಾತ್ರಿ ದೀಪ ಆರಿಸಿ ಹೆಡ್‌ಫೋನಿನಲ್ಲಿ ಕೇಳಿ. ಮೊದಲು 16ರ ಹುಡುಗಿಯ ಆ ತಗ್ಗು ದನಿ, ಆಮೇಲೆ ಕ್ಯಾಥಿ. ಕೊನೆಯಲ್ಲಿ ಇಯಾನ್ ಬೇರ್ನ್‌ಸನ್ ಅವರ ಗಿಟಾರ್ ಬರುತ್ತದೆ, ಅಲ್ಲಿಗೆ ನಿಲ್ಲಿಸಿಬಿಡಬೇಡಿ. ಗಿಟಾರಿನ ಹಿಂದೆ ಅವಳು ಇನ್ನೂ ಕರೆಯುತ್ತಾ ಇರುತ್ತಾಳೆ. ದನಿ ಸಣ್ಣಗಾಗುತ್ತಾ ಹೋಗುತ್ತದೆ. ಕಿಟಕಿ ತೆಗೆದ ಸದ್ದು ಬರುವುದಿಲ್ಲ.