ಹಗ್ಗ ಎಸೆದವರ ಹೆಸರೂ ಪಟ್ಟಿಯಲ್ಲಿರಲಿ

ಆಗಸ್ಟ್ 15, ನವೆಂಬರ್ 1 ಹತ್ತಿರ ಬಂದರೆ ಪಾಲಿಕೆಯಲ್ಲಿ ನಮಗೊಂದು ಕೆಲಸ ಇದ್ದೇ ಇರುತ್ತದೆ. ಸನ್ಮಾನ ಆಗಬೇಕಾದವರ ಪಟ್ಟಿ ಮಾಡುವುದು. ಕೆರೆ, ಬಾವಿಗಳಲ್ಲಿ ಜೀವ ಉಳಿಸಿದವರ ಹೆಸರು ಬಂದರೆ ನನಗೆ ತುಂಬಾ ಖುಷಿ. ಆದರೆ ವಿಚಾರಿಸಿದಾಗ ಎಲ್ಲರೂ ಹೇಳುವುದು ನೀರಿಗೆ ಹಾರಿದವರ ಹೆಸರನ್ನೇ. ದಂಡೆಯಿಂದ ಹಗ್ಗ ಎಸೆದವರು ಯಾರಿಗೂ ನೆನಪಿರುವುದಿಲ್ಲ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಇಲ್ಲಿಂದಲೇ ಶುರುವಾಯಿತು.

ಹುಬ್ಬಳ್ಳಿ ಸುತ್ತ ಎರೆ ಮಣ್ಣು. ಮಳೆ ಬಿದ್ದರೆ ಕೆರೆ ದಂಡೆಯಲ್ಲಿ ಕಾಲು ನಿಲ್ಲುವುದಿಲ್ಲ. ಊರಂಚಿನ ಹೊಲಗಳ ಕೃಷಿ ಹೊಂಡದಲ್ಲಿ ಹಾಸಿದ ಪ್ಲಾಸ್ಟಿಕ್ ಹಾಳೆ ಇನ್ನೂ ಜಾಸ್ತಿ ಜಾರುತ್ತದೆ. ಈಜು ಬಲ್ಲವರಿಗೂ ಅದನ್ನು ಹತ್ತಿ ಬರುವುದು ಕಷ್ಟ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದೂ ಇಲ್ಲ. ಉಸಿರಿಗೇ ಒದ್ದಾಡುವಾಗ ದನಿ ಎಲ್ಲಿಂದ ಬರಬೇಕು? ನಾಲ್ಕೈದು ನಿಮಿಷ ಆಮ್ಲಜನಕ ಸಿಗದಿದ್ದರೆ ಮಿದುಳಿಗೆ ಪೆಟ್ಟು. 112ಕ್ಕೆ ಫೋನ್ ಮಾಡಲೇಬೇಕು. ಆದರೆ ಆ ನಾಲ್ಕೈದು ನಿಮಿಷದಲ್ಲಿ ಉಣಕಲ್ ಕೆರೆಯಲ್ಲೋ ಕೆಲಗೇರಿಯಲ್ಲೋ ಹತ್ತಿರ ಇರುವವರು ಕಸ ಗುಡಿಸುವ ಪೌರಕಾರ್ಮಿಕರು, ಕಾವಲುಗಾರರು, ವಾಕಿಂಗ್ ಬಂದವರು.

ಹಾಗಂತ ಅವರೆಲ್ಲ ನೀರಿಗೆ ಹಾರಬೇಕಾ? ಖಂಡಿತ ಬೇಡ. ಮುಳುಗುವವರು ಕೈಗೆ ಸಿಕ್ಕವರನ್ನು ಬಿಗಿಯಾಗಿ ಅಪ್ಪುತ್ತಾರೆ. ಕಾಪಾಡಲು ಹೋದವರೂ ಜೊತೆಗೇ ತೀರಿಹೋದ ಸುದ್ದಿ ಬೇಸಿಗೆ ರಜೆಯಲ್ಲಿ ಎಷ್ಟು ಓದುತ್ತೇವೆ! ಕೋಲೋ ಸೀರೆಯೋ ಚಾಚಬೇಕು. ಹಗ್ಗ, ಟ್ಯೂಬ್, ಮುಚ್ಚಿದ ಖಾಲಿ ಕ್ಯಾನ್ ಎಸೆಯಬೇಕು. ತರಬೇತಿ ಇಲ್ಲದವರು ನೀರಿಗಿಳಿಯಬಾರದು. ವೇದಿಕೆ ಮೇಲೆ ಹಾರಿದವರನ್ನಷ್ಟೇ ಕೂರಿಸಿದರೆ ಕೆಳಗೆ ಕೂತ ಹುಡುಗರು ಹಾರುವುದನ್ನೇ ಕಲಿಯುತ್ತಾರೆ. ನನಗೆ ಭಯ ಅದರದ್ದು.

ಗಣೇಶ ವಿಸರ್ಜನೆ ರಾತ್ರಿ ಬಾವಿ ಕಟ್ಟೆ ಬಳಿ ನಿಲ್ಲುವ ಸ್ವಯಂಸೇವಕರನ್ನು ನೋಡಿ. ಡಿಜೆ ಸದ್ದಿನ ನಡುವೆ ಹುಡುಗರನ್ನು ಹಿಂದೆ ಸರಿಸುತ್ತಾರೆ, ಬೈಸಿಕೊಳ್ಳುತ್ತಾರೆ, ಬೆಳಗಾಗುವವರೆಗೂ ನಿಲ್ಲುತ್ತಾರೆ. ಅವರು ಚೆನ್ನಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ ಸುದ್ದಿಯೂ ಇಲ್ಲ, ಅಲ್ವಾ? ಅಂಥ ಒಬ್ಬರನ್ನು ಹೆಸರು ಬರೆಸಿ ಎಂದು ಕೇಳಿದೆ. “ನಾ ಏನ್ ಮಾಡೇನ್ರಿ ಸಾಹೇಬ್ರ, ಸುಮ್ನ ನಿಂತಿದ್ದೆ ಅಷ್ಟ” ಅಂದರು. ನನ್ನ ಪಟ್ಟಿಯಲ್ಲಿ ಮೊದಲು ಬರೆದದ್ದು ಅವರ ಹೆಸರು.

ಈಗ ಇದಕ್ಕೇ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಮುರಿದ ಬೇಲಿ, ಬಾಯಿ ತೆರೆದ ಬಾವಿ, ಮಳೆನೀರು ತುಂಬಿದ ಪಾಯದ ಗುಂಡಿ, ಇವನ್ನು ಮೊದಲು ಯಾರು ತಿಳಿಸಿದರು, ಯಾವತ್ತು ಸರಿಯಾಯಿತು ಎಂದು ಬರೆಯುತ್ತೇನೆ. ಕಾಯಂ ನೌಕರರೋ ಗುತ್ತಿಗೆಯವರೋ ಎಂದು ನೋಡುವುದಿಲ್ಲ.

ಶಾಲು, ಹಾರ ಬೇಡ ಅನ್ನುವುದಿಲ್ಲ. ಜೊತೆಗೆ ಲೈಫ್ ಜಾಕೆಟ್, ಗಟ್ಟಿ ಹಗ್ಗ, ತರಬೇತಿ ಕೊಡೋಣ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡುವುದು ಇನ್ನೂ ನಡೆಯುತ್ತದೆ. ಉಸಿರು ನಿಂತವರಿಗೆ ತಕ್ಷಣ ಬೇಕಾದದ್ದು ಬಾಯಿಯಿಂದ ಉಸಿರು ಕೊಡುವುದು, ಎದೆ ಒತ್ತುವುದು. ನೀರಿನಲ್ಲಿ ಮುಳುಗಿ ಸಾಯುವುದನ್ನು ತಡೆಯಲೆಂದೇ ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಗೊತ್ತುಮಾಡಿದೆ. ಸನ್ಮಾನ ಅವತ್ತೇ ಇಟ್ಟುಕೊಂಡರೆ ಕಲಿತದ್ದೂ ಕೊಟ್ಟದ್ದೂ ಚೌತಿಗೆ ಉಪಯೋಗಕ್ಕೆ ಬರುತ್ತದೆ.

ಇನ್ನು, ಪ್ರಾಣ ಒತ್ತೆ ಇಟ್ಟು ಕಾಪಾಡಿದವರಿಗೆ ಕೇಂದ್ರ ಸರ್ಕಾರದ ಜೀವನ್ ರಕ್ಷಾ ಪದಕ ಇದೆ. ಮರಣಾನಂತರವೂ ಕೊಡುತ್ತಾರೆ. ಶಿಫಾರಸು ರಾಜ್ಯ ಸರ್ಕಾರದ ಮೂಲಕ, ಘಟನೆಯಾದ ಎರಡು ವರ್ಷದೊಳಗೆ ಹೋಗಬೇಕು. ತಡವಾದಷ್ಟೂ ಸಾಕ್ಷಿ ಹುಡುಕುವುದು ಕಷ್ಟ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ದಿನಾಂಕ, ಜಾಗ, ಕಣ್ಣಾರೆ ಕಂಡವರ ಹೆಸರು, ಪೊಲೀಸರದ್ದೋ ಆಸ್ಪತ್ರೆಯದ್ದೋ ಕಾಗದ ಸೇರಿಸಿ ಈ ವಾರವೇ ವಲಯ ಕಚೇರಿಗೆ ಬರೆದುಕೊಡಿ.