ಹುಳು ಸತ್ತವು, ವರದಿಯಲ್ಲಿ ಏನೂ ಇರಲಿಲ್ಲ

ಕುಡಿಯುವ ನೀರಿನ ಮಾನಕವಾದ ಐಎಸ್ 10500ರ 2012ರ ಆವೃತ್ತಿಯಲ್ಲಿ ಕೀಟನಾಶಕ ಮತ್ತು ಕಳೆನಾಶಕಗಳ ಪಟ್ಟಿಯೊಂದಿದ್ದು, ಅದರಲ್ಲಿ 18 ಹೆಸರುಗಳಿವೆ. ಡಿಡಿಟಿ ಇದೆ, ಆಲ್ಡ್ರಿನ್ ಇದೆ, ಲಿಂಡೇನ್ ಇದೆ, ಸುಪ್ರೀಂ ಕೋರ್ಟ್ 2011ರಲ್ಲೇ ನಿಷೇಧಿಸಿದ ಎಂಡೋಸಲ್ಫಾನ್ ಕೂಡ ಇದೆ. ನಮ್ಮ ಪ್ರಯೋಗಾಲಯದ ಪ್ಯಾನೆಲ್, ಅಂದರೆ ಒಟ್ಟಿಗೆ ಹುಡುಕುವ ಔಷಧಿಗಳ ಪಟ್ಟಿ, ಬೆಳೆದದ್ದು ಈ ಪಟ್ಟಿಯ ಸುತ್ತಲೇ. ಟೆಂಡರುಗಳು ಇದನ್ನೇ ಕೇಳುತ್ತವೆ, ಹೋಲಿಸಿ ನೋಡುವ ಶುದ್ಧ ಔಷಧಿಯ ಸ್ಟ್ಯಾಂಡರ್ಡುಗಳು ಫ್ರೀಜರಿನಲ್ಲಿ ಸಿದ್ಧವಿರುತ್ತವೆ, ಸಂಜೆ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರ) ಏರಿಸಿದರೆ ಬೆಳಗಾಗುವಷ್ಟರಲ್ಲಿ ಬ್ಯಾಚ್ ಮುಗಿದಿರುತ್ತದೆ. ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ಈಗ ಟೊಮೆಟೊಗೆ ಹೊಡೆಯುವ ಔಷಧಿಗಳಿಗೂ ಈ ಪಟ್ಟಿಗೂ, ಒಂದೆರಡು ಹೆಸರು ಬಿಟ್ಟರೆ, ಹೆಚ್ಚಿನ ನಂಟಿಲ್ಲ. ಇದು ನಮ್ಮಲ್ಲಿ ಯಾರಿಗೂ ತಿಳಿಯದ ವಿಷಯವೇನಲ್ಲ. ತಿಳಿದಿದ್ದೂ ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರೊಬ್ಬರ ಮಾದರಿಗಳನ್ನು ನಾನು ಅದೇ ಪ್ಯಾನೆಲ್‌ಗೆ ಹಾಕಿದೆ.

ಅವರ ಹುಳುಗಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು, ಹಣ್ಣಾಗಿ ಗೂಡು ಕಟ್ಟಲು ಕೆಲವೇ ದಿನಗಳಿದ್ದಾಗ ಸೊಪ್ಪು ತಿನ್ನುವುದನ್ನು ನಿಲ್ಲಿಸಿದ್ದವು. ಮೈ ಕುಗ್ಗಿಸಿಕೊಂಡು, ಮುಟ್ಟಿದರೂ ಅಲ್ಲಾಡದೆ ಬಿದ್ದಿದ್ದ ಹುಳುಗಳ ಫೋಟೋಗಳು ನನ್ನ ಫೋನಿಗೂ ಬಂದಿದ್ದವು. ಬದುವಿನಾಚೆಯ ಟೊಮೆಟೊ ತೋಟದ ಸಿಂಪಡಣೆಯೇ ಕಾರಣವೆಂಬುದು ಅವರ ದೂರು. ತಾನು ಹೊಡೆದದ್ದು ಲೇಬಲ್ ಮೇಲೆ ಹಸಿರು ತ್ರಿಕೋನವಿರುವ ಔಷಧಿ, ಅಂಗಡಿಯವರು ಎಲ್ಲಕ್ಕಿಂತ ಸೌಮ್ಯವೆಂದೇ ಕೊಟ್ಟದ್ದು ಎಂಬುದು ಪಕ್ಕದ ತೋಟದವರ ಉತ್ತರ. ಆ ಉತ್ತರ ಸುಳ್ಳಲ್ಲ. ನಮ್ಮ ಕೀಟನಾಶಕ ನಿಯಮಗಳಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಎಂದು ಬಣ್ಣ ಕೊಡುವುದು ಸಸ್ತನಿಗಳ ಮೇಲಿನ ತೀವ್ರ ವಿಷತ್ವವನ್ನು ಅಳೆದು. ಬಾಯಿಯ ಮೂಲಕ ಕೊಟ್ಟಾಗ ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಪ್ರಮಾಣವಾದ ಎಲ್‌ಡಿ 50 ಪ್ರತಿ ಕೆಜಿ ದೇಹತೂಕಕ್ಕೆ 5000 ಮಿಲಿಗ್ರಾಂ ಮೀರಿದರೆ ಹಸಿರು. ಕಾಯಿಕೊರಕದ ಮರಿಹುಳುವನ್ನು ಕೊಲ್ಲಲೆಂದೇ ತಯಾರಾದ ಔಷಧಿ ರೇಷ್ಮೆ ಹುಳುವಿಗೆ ಏನು ಮಾಡುತ್ತದೆಂಬುದನ್ನು ಆ ತ್ರಿಕೋನ ಹೇಳುವುದಿಲ್ಲ. ಎರಡೂ ಪತಂಗದ ಮರಿಗಳೇ, ಒಂದನ್ನು ಕೊಲ್ಲುವುದು ಇನ್ನೊಂದನ್ನೂ ಕೊಲ್ಲಬಲ್ಲದು.

ಮಾದರಿ ಸಂಗ್ರಹಣೆ ನಮ್ಮ ಲಿಖಿತ ಕ್ರಮವಾದ ಎಸ್‌ಒಪಿ ಪ್ರಕಾರವೇ ನಡೆಯಿತು. ಮಣ್ಣನ್ನು ಅಂಕುಡೊಂಕಾಗಿ ನಡೆದು, 15 ಸೆಂಟಿಮೀಟರ್ ಆಳದ ವಿ ಆಕಾರದ ಗುಂಡಿಗಳಿಂದ ತೆಗೆದು, ನಾಲ್ಕು ಭಾಗ ಮಾಡಿ ಅರ್ಧ ಕೆಜಿಗೆ ಇಳಿಸಲಾಯಿತು. ಕೃಷಿ ಹೊಂಡದ ನೀರನ್ನು ಕಂದು ಗಾಜಿನ ಬಾಟಲಿಗಳಲ್ಲಿ ತುಂಬಿ ಐಸ್ ಬಾಕ್ಸಿನಲ್ಲಿಟ್ಟರು. ಸೊಪ್ಪನ್ನೂ ಮಣ್ಣಿನ ಹಾಗೆಯೇ ಇಡೀ ತೋಟದಲ್ಲಿ ಅಂಕುಡೊಂಕಾಗಿ ಓಡಾಡಿ ಕಿತ್ತು ಒಂದೇ ಚೀಲಕ್ಕೆ ಹಾಕಿದರು. ಇದರ ಜೊತೆಗೆ ಹುಳುಮನೆಯ ತಾರಸಿಯ ಮೇಲೆ ಪಿಯುಎಫ್ (ಗಾಳಿಯಲ್ಲಿನ ರಾಸಾಯನಿಕ ಹೀರುವ ಸ್ಪಂಜು) ಹಾಕಿದ ಏರ್ ಸ್ಯಾಂಪ್ಲರನ್ನು ಒಂದು ಇಡೀ ದಿನ ಓಡಿಸಿದೆವು. ಆ ಯಂತ್ರ ಹೊಸದು. ಆಡಳಿತದವರಿಗೆ ಅದು ಎಲ್ಲಿಯಾದರೂ ಓಡುತ್ತಿದ್ದರೆ ಸಮಾಧಾನ. ಸಿಂಪಡಣೆ ಮುಗಿದು ವಾರ ಕಳೆದ ಮೇಲೆ ಗಾಳಿಯಲ್ಲಿ ತೇಲಿಬಂದ ಹನಿಗಳನ್ನು ಹಿಡಿಯಲಾಗದು ಎಂದು ನಾನು ಹೇಳಿದ್ದುಂಟು. ಗಾಳಿ, ನೀರು, ಮಣ್ಣು ಮೂರೂ ವರದಿಯಲ್ಲಿದ್ದರೆ ಗ್ರಾಹಕರಿಗೆ ತೃಪ್ತಿಯಾಗುತ್ತದೆ ಎಂಬ ಉತ್ತರ ಬಂತು.

ವರದಿಯ ಎಲ್ಲ ಸಾಲುಗಳಲ್ಲೂ ಬಿಎಲ್‌ಕ್ಯು ಎಂದೇ, ಅಂದರೆ ಅಳೆದು ಹೇಳಬಲ್ಲ ಮಿತಿಗಿಂತ ಕಡಿಮೆ ಎಂದೇ, ಬಂತು. ಬೆಳೆಗಾರರು ಅದನ್ನು ಹಿಡಿದುಕೊಂಡು ನೇರವಾಗಿ ಪ್ರಯೋಗಾಲಯಕ್ಕೇ ಬಂದರು.

“ಹಂಗಾದ್ರೆ ನಮ್ಮ ಹುಳ ಯಾಕ್ ಸತ್ತೋ ಮೇಡಂ?”

ಸಪ್ಪೆ ರೋಗವೋ ಹಾಲುತೊಂಡೆಯೋ ಇರಬಹುದು, ಇಲಾಖೆಯವರಿಗೆ ಒಮ್ಮೆ ತೋರಿಸಿ ಎಂದೆ. ಅವರು ಸಿಟ್ಟಾಗಲಿಲ್ಲ. ತಾಳ್ಮೆಯಿಂದ, ಮಕ್ಕಳಿಗೆ ವಿವರಿಸುವ ದನಿಯಲ್ಲಿ, “ರೋಗ ಆದ್ರೆ ಹರಡ್ತದೆ ಮೇಡಂ. ಇದು ಬದುವಿನ ಪಕ್ಕದ ಸೊಪ್ಪು ಹಾಕಿದ ಸ್ಟ್ಯಾಂಡ್‌ನಾಗೆ ಮಾತ್ರ. ಪಕ್ಕದ ಸ್ಟ್ಯಾಂಡ್ ಹುಳ ಗೂಡು ಕಟ್ಟಿ, ಗೂಡು ಮಾರ್ಕೆಟ್‌ಗೂ ಹೋಯ್ತು” ಎಂದರು.

ಈ ಮಾತನ್ನು ಮಾದರಿ ತೆಗೆಯುವ ಮೊದಲೇ ಅವರಿಂದ ಕೇಳಿ ತಿಳಿಯಬೇಕಿತ್ತು. ಹುಳುಮನೆಯೊಳಗೆ ಹೋಗಿ ಯಾವ ಸ್ಟ್ಯಾಂಡಿಗೆ ಎಲ್ಲಿಯ ಸೊಪ್ಪು ಬಿತ್ತೆಂದು ವಿಚಾರಿಸುವ ಕಾಲಂ ನಮ್ಮ ಫಾರ್ಮಿನಲ್ಲಿಲ್ಲ. ಅಂಕುಡೊಂಕು ನಡಿಗೆ ತೋಟದ ಸರಾಸರಿಯನ್ನು ಕೊಡುತ್ತದೆ, ಗೊಬ್ಬರದ ಶಿಫಾರಸಿಗೆ ಅದು ಸಾಕು. ಬದು ದಾಟಿ ಬಂದ ಸಿಂಪಡಣೆ ಮೊದಲ ಸಾಲುಗಳ ಮೇಲೆ ಬಿದ್ದು, ಒಳಗೆ ಹೋದಂತೆಲ್ಲ ತೆಳುವಾಗುತ್ತದೆ. ಎಲ್ಲ ಸಾಲುಗಳ ಸೊಪ್ಪನ್ನು ಒಂದೇ ಚೀಲದಲ್ಲಿ ಬೆರೆಸಿದಾಗ ಬದುವಿನ ವಿಷವನ್ನು ನಾವೇ ಒಳಗಿನ ಒಳ್ಳೆಯ ಸೊಪ್ಪಿನಿಂದ ತೆಳುಗೊಳಿಸಿದ್ದೆವು.

ಎರಡನೇ ಸಲ ನಾನೇ ಹೋದೆ. ಬದುವಿಗೆ ಸಮಾನಾಂತರವಾಗಿ ಒಂದೊಂದು ಸಾಲಿನ ಸೊಪ್ಪನ್ನು ಬೇರೆಬೇರೆಯಾಗಿ ಫಾಯಿಲ್‌ನಲ್ಲಿ ಸುತ್ತಿ ತಂದೆ. ಸತ್ತ ಹುಳುಗಳ ಹಾಸಿಗೆಯಿಂದ ಎತ್ತಿ ಗೊಬ್ಬರದ ಗುಂಡಿಗೆ ಸುರಿದಿದ್ದ ಒಣ ಕಡ್ಡಿ, ಅರೆಬರೆ ತಿಂದ ಸೊಪ್ಪನ್ನು ಮನೆಯ ಅಮ್ಮನವರು ಕೋಲಿನಿಂದ ಕೆದಕಿ ತೆಗೆದುಕೊಟ್ಟರು. ನಿಜವಾಗಿ ಹುಳು ತಿಂದದ್ದು ಅದನ್ನೇ. ಅಂಗಡಿ ರಸೀದಿಯಲ್ಲಿದ್ದ ಔಷಧಿ ಕ್ಲೋರಾಂಟ್ರನಿಲಿಪ್ರೋಲ್ 18.5 ಎಸ್‌ಸಿ, ಅದನ್ನು ನೋಡಬೇಕಾದದ್ದು ದ್ರವದಲ್ಲಿ ಬೇರ್ಪಡಿಸಿ ಅಣುತೂಕದಿಂದ ಗುರುತಿಸುವ ಬೇರೆ ಯಂತ್ರವಾದ ಎಲ್‌ಸಿಎಂಎಸ್‌ನಲ್ಲಿ. ಜಿಸಿ ಮುಂದೆ ಎಷ್ಟು ಹೊತ್ತು ಕೂತರೂ ನಮ್ಮ ಹಳೆಯ ಪ್ಯಾನೆಲ್‌ನಲ್ಲಿ ಅದು ಸಿಗುತ್ತಿರಲಿಲ್ಲ.

ನಿಜವಾದ ಪೇಚಾಟ ಆರಂಭವಾದದ್ದು ಬ್ಲ್ಯಾಂಕ್ ಸೊಪ್ಪಿಗಾಗಿ, ಅಂದರೆ ಹೋಲಿಕೆಗೆ ಬೇಕಾದ, ಔಷಧಿ ತಾಗದ ಸೊಪ್ಪಿಗಾಗಿ. ಹಿಪ್ಪುನೇರಳೆಯಲ್ಲಿ ಹಸಿರು ಬಹಳ; ಕ್ವೆಚರ್ಸ್ ವಿಧಾನದಲ್ಲಿ ಔಷಧಿಯ ಅಂಶವನ್ನು ಹಿಂಡಿ ತೆಗೆದು, ಬಣ್ಣ ಕಶ್ಮಲ ಹೀರುವ ಪುಡಿಗಳಾದ ಪಿಎಸ್‌ಎ ಮತ್ತು ಜಿಸಿಬಿ ಹಾಕಿ ತಿರುಗಿಸಿದ ಮೇಲೂ ಟ್ಯೂಬಿನಲ್ಲಿ ತಿಳಿಹಸಿರು ಉಳಿದೇ ಇತ್ತು, ಹಾಗಾಗಿ ಬ್ಲ್ಯಾಂಕ್ ಸೊಪ್ಪಿನ ರಸದಲ್ಲೇ ಸ್ಟ್ಯಾಂಡರ್ಡ್ ಬೆರೆಸಿ ಹೋಲಿಸುವ ಮ್ಯಾಟ್ರಿಕ್ಸ್ ಮ್ಯಾಚ್ಡ್ ಕ್ಯಾಲಿಬ್ರೇಷನ್ ಇಲ್ಲದೆ ವಿಧಿಯಿರಲಿಲ್ಲ. ಬೇರೊಂದು ಊರಿನ ತೋಟದಿಂದ ಬ್ಲ್ಯಾಂಕ್‌ಗೆಂದು ಸೊಪ್ಪು ತಂದಿದ್ದೆವು. ಅದನ್ನು ಇಂಜೆಕ್ಟ್ ಮಾಡಿದಾಗ, ಸ್ಟ್ಯಾಂಡರ್ಡ್ ಬರುವ ಸಮಯಕ್ಕೇ ಸರಿಯಾಗಿ, ಈ ಔಷಧಿಯ ಅಣು ಒಡೆಯುವ ಗುರುತುಗಳಾದ 484ರಿಂದ 453 ಮತ್ತು 484ರಿಂದ 286 ಎಂಬ ಎರಡೂ ಟ್ರಾನ್ಸಿಷನ್‌ಗಳಲ್ಲಿ ಸಣ್ಣದೊಂದು ಪೀಕ್ ಎದ್ದಿತು. ಆ ಎರಡು ಪೀಕುಗಳ ಅನುಪಾತವಾದ ಅಯಾನ್ ರೇಷಿಯೋ ಕೂಡ ಕೂಡಿಬಂತು. ಹಿಂದಿನ ಮಾದರಿಯ ಅಂಶ ಯಂತ್ರದಲ್ಲೇ ಉಳಿದ ಕ್ಯಾರಿಓವರ್ ಇರಬೇಕೆಂದುಕೊಂಡು ಬರೀ ಸಾಲ್ವೆಂಟ್ ಹಾಕಿದೆ. ಪರದೆಯ ಗೆರೆ ನೆಲಕ್ಕಂಟಿಕೊಂಡೇ ಇತ್ತು. ಸೊಪ್ಪಿಲ್ಲದೆ ರಾಸಾಯನಿಕಗಳಷ್ಟೇ ಇರುವ ರೀಏಜೆಂಟ್ ಬ್ಲ್ಯಾಂಕ್ ಹಾಕಿದೆ; ಅದೂ ಶುದ್ಧ. ಮತ್ತೆ ಸೊಪ್ಪಿನ ಬ್ಲ್ಯಾಂಕ್ ಹಾಕಿದೆ. ಅದೇ ಪೀಕ್, ಅದೇ ಜಾಗದಲ್ಲಿ. ನಡುವೆ ವರದಿಯ ಗಡುವು (ಟಿಎಟಿ) ಮೀರುತ್ತಿದೆ ಎಂದು ಮ್ಯಾನೇಜರ್ ಫೋನ್ ಮಾಡುತ್ತಲೇ ಇದ್ದರು. ಬ್ಲ್ಯಾಂಕಿನ ಮೌಲ್ಯವನ್ನು ಕಳೆದು ವರದಿ ಕೊಟ್ಟುಬಿಡೋಣವೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು, ಮತ್ತು ಆ ಹೊತ್ತಿನಲ್ಲಿ ಅದು ಬುದ್ಧಿವಂತಿಕೆಯ ಮಾತಾಗಿಯೇ ಕೇಳಿಸಿತು. ಕಳೆಯುವುದೆಂದರೆ ಬೇರೊಬ್ಬರ ತೋಟಕ್ಕೆ ಬಿದ್ದ ಔಷಧಿಯನ್ನು ಇವರ ಲೆಕ್ಕದಿಂದ ಮನ್ನಾ ಮಾಡುವುದು ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಚಿಕ್ಕಬಳ್ಳಾಪುರ ಪಟ್ಟಣದಲ್ಲಿ ನಮ್ಮ ಸ್ಟೋರ್ ಕೀಪರ್ ಮನೆಯ ಹಿತ್ತಲಲ್ಲಿದ್ದ ಹಿಪ್ಪುನೇರಳೆ ಮರ, ಮಕ್ಕಳು ಹಣ್ಣು ಕಿತ್ತು ತಿನ್ನುವ ಮರ, ನಮಗೆ ಬ್ಲ್ಯಾಂಕ್ ಒದಗಿಸಿತು. ಆ ಇನ್ನೊಂದು ತೋಟದವರಿಗೆ ವಿಷಯ ತಿಳಿಸಲು ನಮ್ಮಲ್ಲಿ ಫಾರ್ಮ್ಯಾಟ್ ಇರಲಿಲ್ಲ, ಅವರು ಗ್ರಾಹಕರಲ್ಲವಲ್ಲ. ನನ್ನ ಸ್ವಂತ ಫೋನಿನಿಂದ ಹೇಳಿದೆ.

ಫಲಿತಾಂಶ ಬೆಳೆಗಾರರು ಹೇಳಿದಂತೆಯೇ ಇತ್ತು. ಬದುವಿನ ಸಾಲಿನಲ್ಲಿ ಹೆಚ್ಚು, ಒಳಗೆ ಹೋದಂತೆ ಇಳಿಮುಖ, ಹುಳುಗಳ ಹಾಸಿಗೆಯ ಕಡ್ಡಿ ಸೊಪ್ಪಿನಲ್ಲಿ ಸ್ಪಷ್ಟವಾದ ಪೀಕ್. ಫ್ರೀಜರಿನಲ್ಲಿ ಉಳಿಸಿದ್ದ ಮೊದಲ ಮಿಶ್ರ ಮಾದರಿಯನ್ನೂ ಇದೇ ವಿಧಾನದಲ್ಲಿ ಓಡಿಸಿದೆ. ಅದು ನಮ್ಮ ವರದಿಯ ಮಿತಿಯಾದ ಪ್ರತಿ ಕೆಜಿಗೆ 0.01 ಮಿಲಿಗ್ರಾಂಗಿಂತ ಕೆಳಗೇ ಉಳಿಯಿತು. ಅಂದರೆ ಮೊದಲೇ ಸರಿಯಾದ ಯಂತ್ರಕ್ಕೆ ಹಾಕಿದ್ದರೂ ನಾನು ಬಿಎಲ್‌ಕ್ಯು ಎಂದೇ ಬರೆಯುತ್ತಿದ್ದೆ. ಆ 0.01 ಎಂಬುದು ಮಿತಿ ಗೊತ್ತುಪಡಿಸದ ಆಹಾರ ಪದಾರ್ಥಗಳಿಗೆ ಸಾಮಾನ್ಯವಾಗಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇಟ್ಟುಕೊಂಡಿರುವ ಗೆರೆ, ಮನುಷ್ಯರ ಊಟಕ್ಕೆಂದು ಎಳೆದದ್ದು. ಹಗಲೂ ರಾತ್ರಿ ಸೊಪ್ಪನ್ನಲ್ಲದೆ ಬೇರೇನನ್ನೂ ತಿನ್ನದ ಹುಳುವಿಗೆ ಆ ಗೆರೆ ಅನ್ವಯಿಸುವುದಿಲ್ಲ.

ಪರಿಹಾರದ ವಿಷಯದಲ್ಲಿ ನಮ್ಮ ವರದಿ ಹೆಚ್ಚೇನೂ ಮಾಡಲಿಲ್ಲ, ಏಕೆಂದರೆ ಔಷಧಿ ಯಾವ ದಿಕ್ಕಿನಿಂದ ಬಂತೆಂದು ಸಾಲುಗಳು ಹೇಳಬಲ್ಲವೇ ಹೊರತು ಯಾರ ಪಂಪಿನಿಂದ ಬಂತೆಂದು ಹೇಳಲಾರವು. ಬೆಳೆಗಾರರಿಗೆ ಬೇಕಿದ್ದದ್ದು ಮತ್ತೊಂದು ಉತ್ತರ: ಆ ಸಾಲುಗಳ ಸೊಪ್ಪನ್ನು ಮತ್ತೆ ಯಾವಾಗ ಹಾಕಬಹುದು? ಕಡಿದು ಹೊರಹಾಕಿ, ಹೊಸ ಚಿಗುರನ್ನು ಮೊದಲು ಬೆರಳೆಣಿಕೆಯ ಹುಳುಗಳಿಗೆ ಕೊಟ್ಟು ನೋಡಿ ಎಂದೆ. ಅದನ್ನು ಅವರು ಆಗಲೇ ಒಂದು ಮೊರದಲ್ಲಿ ಮಾಡುತ್ತಿದ್ದರು.

ಹೊಸ ಚಿಗುರಿನ ಫಲಿತಾಂಶದಲ್ಲಿ ಬದುವಿನ ಸಾಲಿಗೆ ಎದುರಾಗಿ, 0.01ಕ್ಕಿಂತ ಕಡಿಮೆಯಾದರೂ ಔಷಧಿ ಇದೆ ಎಂದು ರಿಮಾರ್ಕ್ಸ್‌ನಲ್ಲಿ ಬರೆದದ್ದಕ್ಕೆ ಗುಣಮಟ್ಟ ನೋಡಿಕೊಳ್ಳುವ ಕ್ಯೂಎ ವಿಭಾಗದಿಂದ ಆಕ್ಷೇಪಣೆ ಬಂತು. ವಾದ ಮಾಡಿ ಉಳಿಸಿಕೊಂಡೆ. ಬದುವಿನಿಂದ ಎಷ್ಟು ದೂರ ಎಂಬ ಕಾಲಂ ಸೇರಿಸಲು ಮಾತ್ರ ಸಾಫ್ಟ್‌ವೇರ್‌ನವರು ಇನ್ನೂ ಒಪ್ಪಿಲ್ಲ, ಆದ್ದರಿಂದ ಸದ್ಯಕ್ಕೆ ಅದನ್ನು ಮಾರ್ಕರ್‌ನಿಂದ ಚೀಲದ ಮೇಲೆಯೇ ಬರೆಯುತ್ತಿದ್ದೇವೆ.