ಆಸ್ಪ್ಯಾರಗಸ್‌ನಲ್ಲಿ ಯಾವ ತಳಿ ಹೆಚ್ಚು ಕೊಡುತ್ತದೆ?

ನ್ಯೂಜೆರ್ಸಿ, ಮಿಷಿಗನ್, ಒಂಟಾರಿಯೊ ಕಡೆ ಹಿತ್ತಿಲಿರುವ ಕನ್ನಡಿಗರು ಮೆಂತ್ಯ, ಬದನೆ, ಹೀರೆ ಎಲ್ಲ ಹಾಕಿ ಮುಗಿದ ಮೇಲೆ ಕೈ ಹಾಕುವ ಬೆಳೆ ಆಸ್ಪ್ಯಾರಗಸ್. ಬದನೆಯ ತಳಿ ಸರಿಬರದಿದ್ದರೆ ಮುಂದಿನ ವರ್ಷ ಬದಲಾಯಿಸಬಹುದು. ಇದನ್ನು ಒಮ್ಮೆ ನೆಟ್ಟರೆ ಹದಿನೈದು ವರ್ಷ ಕದಲಿಸುವಂತಿಲ್ಲ. ಬೀಜದ ಕ್ಯಾಟಲಾಗ್ ನೋಡಿದರೆ ಎಲ್ಲ ತಳಿಯೂ 'ಅಧಿಕ ಇಳುವರಿ'ಯದೇ!

ಇದು ನಮ್ಮ ಶತಾವರಿಯ, ಅಂದರೆ ಹಲವು ಮಕ್ಕಳ ತಾಯಿ ಬೇರಿನ ದಾಯಾದಿ. ಅಗೆದು ನೋಡಿದರೆ ನೆಂಟಸ್ತಿಕೆ ಕಾಣುತ್ತದೆ: ನೆತ್ತಿಯಲ್ಲಿ ಮೊಗ್ಗುಗಳ ಗೊಂಚಲು, ಕೆಳಗೆ ರಸ ತುಂಬಿದ ಬೇರುಗಳ ಕಟ್ಟು. ಈ ಇಡೀ ಗಡ್ಡೆಗೆ ಇಲ್ಲಿ ಕ್ರೌನ್ ಎನ್ನುತ್ತಾರೆ. ಶತಾವರಿಯಲ್ಲಿ ಬೇರನ್ನೇ ಕಿತ್ತು ಬಳಸುತ್ತೇವೆ. ಇದರಲ್ಲಿ ಬೇರು ಕೂಡಿಟ್ಟ ಸಕ್ಕರೆ ವಸಂತಕ್ಕೆ ಕಡ್ಡಿಯಾಗಿ ಮೇಲೆ ಬರುತ್ತದೆ. ಈ ವರ್ಷ ಸಾರಿಗೆ, ಪಲ್ಯಕ್ಕೆ ಸಿಗುವ ಕಡ್ಡಿ ಕಳೆದ ಬೇಸಿಗೆಯಲ್ಲಿ ಕೊಯ್ಯದೆ ಬಿಟ್ಟ ಕಡ್ಡಿ ಬಿಚ್ಚಿಕೊಂಡು ಆದ ಸೊಪ್ಪು ದುಡಿದಿಟ್ಟದ್ದು. ಹಾಗಾಗಿ ತಳಿಗಳನ್ನು ಹೋಲಿಸುವವರು ಏಪ್ರಿಲ್‌ನ ಬುಟ್ಟಿಯನ್ನಷ್ಟೇ ಅಲ್ಲ, ಸೆಪ್ಟೆಂಬರ್‌ನಲ್ಲಿ ಯಾವ ತಳಿಯ ಸೊಪ್ಪು ಇನ್ನೂ ಹಸಿರಾಗಿ ನಿಂತಿದೆ ಎಂಬುದನ್ನೂ ನೋಡಬೇಕು.

ಇಳುವರಿಯ ಮಾತು ಬಂದರೆ ಮೊದಲು ಕೇಳಬೇಕಾದದ್ದು ಗಂಡೋ ಹೆಣ್ಣೋ ಎಂದು. ಪಪ್ಪಾಯದ ಹಾಗೆ ಇದರಲ್ಲೂ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೆಣ್ಣು ಗಿಡ ಕೆಂಪು ಹಣ್ಣು ಕಟ್ಟಲು ಶಕ್ತಿ ಖರ್ಚು ಮಾಡುತ್ತದೆ. ಅದರ ಕಡ್ಡಿ ಸಾಮಾನ್ಯವಾಗಿ ದಪ್ಪ, ಸಂಖ್ಯೆ ಕಡಿಮೆ. ಗಂಡು ಹೆಚ್ಚು ಕಡ್ಡಿ ಕೊಡುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಹಣ್ಣು ಉದುರಿದರೆ ಮಡಿಯ ತುಂಬ ಸಸಿ ಹುಟ್ಟಿ ಅದೇ ಕಳೆಯಾಗುವುದು ಇನ್ನೊಂದು ತಾಪತ್ರಯ. ಅಮೆರಿಕದ ಕೃಷಿ ಇಲಾಖೆ ತುಕ್ಕು ರೋಗ ತಡೆಯಲೆಂದು ಬೆಳೆಸಿದ ಹಳೆಯ ತಳಿ ಮೇರಿ ವಾಷಿಂಗ್ಟನ್. ಅದರಲ್ಲಿ ಅರ್ಧಕ್ಕರ್ಧ ಹೆಣ್ಣು.

ಬರೀ ಗಂಡು ಗಿಡದ ಬೀಜ ಮಾಡಿದ ಉಪಾಯ ಚೆನ್ನಾಗಿದೆ. ಕೆಲವು ಗಂಡು ಗಿಡಗಳು ಅಪರೂಪಕ್ಕೆ ದ್ವಿಲಿಂಗಿ ಹೂ ಬಿಟ್ಟು ಒಂದೆರಡು ಹಣ್ಣು ಕಟ್ಟುತ್ತವೆ. ಲಿಂಗ ನಿರ್ಧರಿಸುವ ವರ್ಣತಂತುಗಳ ಲೆಕ್ಕದಲ್ಲಿ ಹೆಣ್ಣು ಎಂದರೆ ಎಕ್ಸ್‌ಎಕ್ಸ್, ಗಂಡು ಎಂದರೆ ಎಕ್ಸ್‌ವೈ. ಅದು ತನ್ನದೇ ಪರಾಗದಿಂದ ಬೀಜ ಕಟ್ಟಿದಾಗ ನಾಲ್ಕರಲ್ಲಿ ಒಂದು ಪಾಲು ವೈವೈ ಆಗುತ್ತದೆ. ಮನುಷ್ಯರಲ್ಲಿ ಇಂಥದ್ದು ಬದುಕುವುದೇ ಇಲ್ಲ. ಆಸ್ಪ್ಯಾರಗಸ್‌ನಲ್ಲಿ ಆರಾಮಾಗಿ ಬೆಳೆಯುತ್ತದೆ. ಅದಕ್ಕೆ 'ಸೂಪರ್ ಮೇಲ್' ಎಂದು ಹೆಸರು. ಅದನ್ನು ಹೆಣ್ಣು ಗಿಡದ ಜೊತೆ ಕೂಡಿಸಿದರೆ ಹುಟ್ಟುವ ಸಸಿಯೆಲ್ಲ ಗಂಡು. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಜೆರ್ಸಿ ಸರಣಿಯ ತಳಿಗಳ ಬೆನ್ನೆಲುಬು ಇದೇ. ಆದರೂ ಆ ಸರಣಿಯ ಜೆರ್ಸಿ ಜೈಂಟ್ ಕ್ರೌನ್‌ಗಳ ಕಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಹೆಣ್ಣು ಸಿಕ್ಕರೆ ಮೋಸ ಎಂದುಕೊಳ್ಳಬೇಡಿ. ಹಣ್ಣು ಕಂಡ ಗಿಡಕ್ಕೆ ದಾರ ಕಟ್ಟಿ, ಲೆಕ್ಕದಿಂದ ಬೇರೆ ಇಡಿ.

ಚಳಿ ಕಡೆಯವರಿಗೆ ನನ್ನ ಮೊದಲ ಆಯ್ಕೆ ಗ್ವೆಲ್ಫ್ ಮಿಲೇನಿಯಮ್. ಒಂಟಾರಿಯೊದ ಗ್ವೆಲ್ಫ್ ವಿಶ್ವವಿದ್ಯಾಲಯದ್ದು. ತಡವಾಗಿ ಮೇಲೇಳುತ್ತದೆ, ಅದೇ ಅದರ ಗುಣ: ಮೇ ತಿಂಗಳ ಹಿಮಕ್ಕೆ ಬೇಗ ಎದ್ದ ತಳಿಗಳ ಕಡ್ಡಿ ಬೆಂದಂತೆ ಬಾಗಿ ಬಿದ್ದಾಗ ಇದು ಇನ್ನೂ ಮಣ್ಣೊಳಗೆ ಇರುತ್ತದೆ. ಜೇಡಿ ಮಣ್ಣಿದ್ದರೆ ಜೆರ್ಸಿ ನೈಟ್ ನೋಡಿ. ಪರ್ಪಲ್ ಪ್ಯಾಶನ್ ಇಟಲಿಯ ಆಲ್ಬೆಂಗಾ ಕಡೆಯ ನೇರಳೆ ತಳಿಯಿಂದ ಬಂದದ್ದು. ಸಿಹಿ, ನಾರು ಕಡಿಮೆ, ಆದರೆ ಕಡ್ಡಿಗಳೂ ಕಡಿಮೆ. ಬೇಯಿಸಿದರೆ ನೇರಳೆ ಹೋಗಿ ಹಸಿರೇ ಉಳಿಯುತ್ತದೆ, ಆ ಬಣ್ಣಕ್ಕೆ ಮರುಳಾಗಬೇಡಿ. ಕ್ಯಾಲಿಫೋರ್ನಿಯಾದಂಥ ಬಿಸಿ ಸೀಮೆಗೆ ಯುಸಿ 157: ಸೆಕೆಯಲ್ಲೂ ತುದಿ ಬೇಗ ಬಿಚ್ಚಿಕೊಳ್ಳುವುದಿಲ್ಲ. ನೆದರ್ಲೆಂಡ್ಸ್‌ನ ಖೈನ್ಲಿಮ್, ಬಾಕ್ಲಿಮ್ ಮುಖ್ಯವಾಗಿ ಬಿಸಿಲು ತಾಗದಂತೆ ಮಣ್ಣೇರಿಸಿ ತೆಗೆಯುವ ಬಿಳಿ ಆಸ್ಪ್ಯಾರಗಸ್‌ನವು.

ಹೋಲಿಕೆ ಕೆಡುವುದು ನೆಡುವ ದಿನವೇ. ಕ್ರೌನ್ ಆಳಕ್ಕಿಳಿದಷ್ಟೂ ಕಡ್ಡಿ ತಡ, ಕಡಿಮೆ, ದಪ್ಪ. ಮೇಲಿದ್ದಷ್ಟೂ ಬೇಗ, ಹೆಚ್ಚು, ಸಣ್ಣ. ಒಂದು ತಳಿ 12 ಸೆಂ.ಮೀ., ಇನ್ನೊಂದು 20 ಸೆಂ.ಮೀ. ಆಳದಲ್ಲಿದ್ದರೆ ನೀವು ಹೋಲಿಸಿದ್ದು ಗುದ್ದಲಿಯನ್ನು, ತಳಿಯನ್ನಲ್ಲ. ಎಲ್ಲಕ್ಕೂ ಒಂದೇ ಆಳ ಇಡಿ: ಜೇಡಿಯಲ್ಲಿ 15, ಮರಳು ಮಣ್ಣಲ್ಲಿ 20 ಸೆಂ.ಮೀ. ಗಿಡದಿಂದ ಗಿಡಕ್ಕೆ 40 ಸೆಂ.ಮೀ., ಸಾಲಿಂದ ಸಾಲಿಗೆ 1.2ರಿಂದ 1.5 ಮೀಟರ್. ಒಂದು ವರ್ಷದ, ಸುಮಾರು ಒಂದೇ ತೂಕದ ಕ್ರೌನ್‌ಗಳನ್ನೇ ಆರಿಸಿ. ಮೊದಲು 5 ಸೆಂ.ಮೀ. ಮಣ್ಣು ಮುಚ್ಚಿ, ಕಡ್ಡಿ ಏಳುತ್ತಿದ್ದಂತೆ ಉಳಿದದ್ದನ್ನು ತುಂಬಿಸಿ. ಪಿಎಚ್ 6.5ರಿಂದ 7 ಇರಲಿ. ಹುಳಿ ಮಣ್ಣಿನಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೊಳೆ ಜಾಸ್ತಿ. ಒಂದೊಂದು ತಳಿಯ ಹತ್ತು ಗಿಡವನ್ನೂ ಒಂದೇ ಕಡೆ ಹಾಕದೆ ಐದೈದಾಗಿ ಎರಡು ಜಾಗದಲ್ಲಿ ಹಂಚಿ. ಬೇಲಿ ನೆರಳು ಒಂದೇ ತಳಿಯ ಪಾಲಾಗಬಾರದು.

ಮೊದಲ ವರ್ಷ ಒಂದು ಕಡ್ಡಿಯನ್ನೂ ಮುರಿಯಬೇಡಿ. ಎರಡನೇ ವರ್ಷ ಎರಡು ವಾರ, ಮೂರನೇ ವರ್ಷ ನಾಲ್ಕು ವಾರ, ಆಮೇಲೆ ಆರರಿಂದ ಎಂಟು ವಾರ ಕೊಯ್ಲು. ಬರುವ ಕಡ್ಡಿಯಲ್ಲಿ ಹೆಚ್ಚಿನವು ಪೆನ್ಸಿಲ್‌ಗಿಂತ ಸಣ್ಣಗಾದ ದಿನ ನಿಲ್ಲಿಸಿ, ಕ್ಯಾಲೆಂಡರ್ ಏನೇ ಹೇಳಲಿ. ನಿಲ್ಲಿಸಿದ ಕೂಡಲೇ 10 ಚದರ ಮೀಟರಿಗೆ ಸುಮಾರು 1 ಕೆ.ಜಿ. 10-10-10 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ) ಗೊಬ್ಬರ ಕೊಟ್ಟರೆ ಅದು ಸೊಪ್ಪಿಗೆ ಹೋಗುತ್ತದೆ.

ತೂಗುವಾಗ ಪ್ರತಿ ಕಡ್ಡಿಯನ್ನೂ 20 ಸೆಂ.ಮೀ.ಗೆ ಕತ್ತರಿಸಿ ತಕ್ಕಡಿಗೆ ಹಾಕಿ. ಇಲ್ಲದಿದ್ದರೆ ಮಣ್ಣೊಳಗಿನ ನಾರುಬುಡವೂ ಇಳುವರಿಯ ಲೆಕ್ಕಕ್ಕೆ ಸೇರುತ್ತದೆ. ಎಣಿಕೆ ಮತ್ತು ತೂಕ ಎರಡನ್ನೂ ಬರೆದಿಡಿ. ಒಂದು ತಳಿಯ ಗಿಡಕ್ಕೆ 12 ಗ್ರಾಂನ 24 ಕಡ್ಡಿ, ಅಂದರೆ 288 ಗ್ರಾಂ ಬಂತು ಎಂದಿಟ್ಟುಕೊಳ್ಳಿ. ಇನ್ನೊಂದರಲ್ಲಿ 20 ಗ್ರಾಂನ 14 ಕಡ್ಡಿ, 280 ಗ್ರಾಂ. ಗಿಡದ ಲೆಕ್ಕದಲ್ಲಿ ಮೊದಲನೆಯದೇ ಮುಂದು. ಐದನೇ ವರ್ಷಕ್ಕೆ ಅದರ ಹತ್ತರಲ್ಲಿ ಏಳೇ ಉಳಿದು, ಎರಡನೆಯದು ಹತ್ತೂ ಉಳಿದಿದ್ದರೆ? 2 ಕೆ.ಜಿ. ಚಿಲ್ಲರೆಗೆ ಎದುರಾಗಿ 2.8 ಕೆ.ಜಿ.! ಸತ್ತ ಗಿಡದ ಜಾಗವನ್ನೂ ಲೆಕ್ಕ ಹಿಡಿಯಬೇಕು, ಬದುಕಿದ್ದರ ಸರಾಸರಿ ಮಾತ್ರ ಸಾಲದು. ಇದನ್ನು ಬಿಟ್ಟು ಮಾಡಿದ ಹೋಲಿಕೆಯನ್ನು ನಾನಂತೂ ನಂಬುವುದಿಲ್ಲ.

ಗಿಡ ಸಾಯುವುದು ಬಹುಪಾಲು ಫ್ಯುಸೇರಿಯಂನಿಂದ. ನಡುಬೇಸಿಗೆಯಲ್ಲಿ ಪೊದೆಯ ಒಂದೇ ಕವಲು ಹಳದಿಯಾದರೆ ಬುಡ ಕೆದಕಿ ನೋಡಿ: ಕಾಂಡದಲ್ಲಿ ಕೆಂಗಂದು ಮಚ್ಚೆ, ಬೇರು ಒತ್ತಿದರೆ ಒಳಗೆ ಟೊಳ್ಳು, ಸಿಪ್ಪೆ ಮಾತ್ರ. ಔಷಧಿಯಿಂದ ವಾಸಿಯಾಗುವುದಿಲ್ಲ. ಹಳೆಯ ಮಡಿಯಲ್ಲೇ ಹೊಸ ಕ್ರೌನ್ ನೆಟ್ಟರೆ ಯಾವ ತಳಿಯಾದರೂ ಸೋಲುತ್ತದೆ. ಇನ್ನು ಜೀರುಂಡೆಯ ಮಾತು: ಚುಕ್ಕಿ ಜೀರುಂಡೆಯ ಮರಿ ಹಣ್ಣಿನೊಳಗೇ ಬೆಳೆಯುವುದರಿಂದ ಹೆಣ್ಣು ಗಿಡವಿರುವ ಮಡಿಯಲ್ಲಿ ಅದರ ಕಾಟ ಹೆಚ್ಚು.

ಬೆಂಗಳೂರಲ್ಲಿ ಬೆಳೆಯಬಹುದೇ ಎಂದರೆ, ಬೆಳೆಯಬಹುದು, ಆದರೆ ಮೇಲಿನ ವೇಳಾಪಟ್ಟಿ ಅಲ್ಲಿಗೆ ಹೊಂದುವುದಿಲ್ಲ. ಗಿಡವನ್ನು ಮಲಗಿಸುವಷ್ಟು ಚಳಿ ಅಲ್ಲಿಲ್ಲ. ಯುಸಿ 157 ಹಾಕಿ, ಥಾಯ್ಲೆಂಡ್, ತೈವಾನ್ ಕಡೆಯ ಪದ್ಧತಿ ಹಿಡಿಯಿರಿ: ಪ್ರತಿ ಗಿಡದಲ್ಲಿ ನಾಲ್ಕೈದು ಕಾಂಡ ತಾಯಿಯಾಗಿ ಸೊಪ್ಪು ಬಿಡಲಿ, ಪಕ್ಕದಲ್ಲಿ ಬರುವ ಹೊಸ ಕಡ್ಡಿಯನ್ನು ಕೊಯ್ಯುತ್ತಿರಿ. ತಾಯಿ ಕಾಂಡ ಕೆಲವು ತಿಂಗಳಲ್ಲಿ ಮುದಿಯಾಗಿ ಹಳದಿಗೆ ತಿರುಗಿದಾಗ ಹೊಸದರಲ್ಲಿ ದಪ್ಪನೆಯವನ್ನು ನಾಲ್ಕೈದು ಬಿಟ್ಟುಕೊಂಡು, ಅವು ಸೊಪ್ಪು ಬಿಚ್ಚಿದ ಮೇಲೆಯೇ ಹಳೆಯದನ್ನು ಬುಡಕ್ಕೆ ಕತ್ತರಿಸಿ.